ಅಮೆರಿಕದಲ್ಲಿ ಸ್ಕಾಟರ ಜಾತ್ರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉತ್ತರ ಕೆರೋಲಿನಾ ಎಂಬುದೊಂದು. ಅದರ ಪಶ್ಚಿಮ ಭಾಗದ ಪರ್ವತಶ್ರೇಣಿಯಲ್ಲಿ ಗ್ರ್ಯಾಂಡ್‌ಫಾದರ್ ಎಂಬ ಹೆಸರಿನ ಬೆಟ್ಟವಿದೆ; ನಮ್ಮ ಮಾತಿನಲ್ಲಿ ಹೇಳುವುದಾದರೆ ಅಜ್ಜನ ಬೆಟ್ಟ. 5,946 ಅಡಿ ಎತ್ತರದ ಆ ಬೆಟ್ಟದ ಮಗ್ಗುಲಲ್ಲಿ ಒಂದು ವಿಶಾಲವಾದ ಹುಲ್ಲುಗಾವಲುಂಟು. ಜುಲೈ ತಿಂಗಳ ಒಂದು ಗುರುವಾರ, ಕತ್ತಲು ಕವಿಯುವ ಹೊತ್ತಿಗೆ, ಅಲ್ಲಿ ಒಂದೊಂದಾಗಿ ಪಂಜುಗಳು ಹೊತ್ತಿಕೊಳ್ಳುತ್ತವೆ. ಪಂಜು ಹಿಡಿದವನೊಬ್ಬನು ಮುಂದೆ ಬಂದು, ತನ್ನ ಕುಲದ ಹೆಸರನ್ನು ಗಟ್ಟಿಯಾಗಿ ಕೂಗಿ, ತಮ್ಮವರೂ ಬಂದಿರುವರೆಂದು ಸಾರುತ್ತಾನೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕ್ಯಾಂಬೆಲ್, ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಲೌಡ್, ಮ್ಯಾಕ್‌ನೀಲ್, ಸ್ಟೂಅರ್ಟ್ ಎಂದು ಹೆಸರುಗಳು ಒಂದರ ಮೇಲೊಂದು ಬೆಟ್ಟಕ್ಕೆ ತಾಗಿ ಮರಳುತ್ತವೆ. ಹೀಗೆ ಕೂಗುವವರು ಯೋಧರಲ್ಲ. ವಕೀಲರು, ಉಪಾಧ್ಯಾಯರು, ಅಂಗಡಿಯವರು. ಅವರು ಹುಟ್ಟಿದ್ದು ಅಮೆರಿಕದಲ್ಲಿ. ಅವರಲ್ಲಿ ಬಹುಮಂದಿಯ ತಂದೆ ತಾತಂದಿರು ಹುಟ್ಟಿ ಮಣ್ಣಾದದ್ದೂ ಅಲ್ಲಿಯೇ. ಆದರೂ ಆ ರಾತ್ರಿ ಅವರು ಸ್ಕಾಟರು.

ಮುಂದಿನ ಮೂರು ದಿನವೂ ಜಾತ್ರೆ. ಗಂಡಸರು ಟಾರ್ಟನ್ ಎಂಬ ಚೌಕಳಿಯ ಉಣ್ಣೆಬಟ್ಟೆಯನ್ನು ನೆರಿಗೆ ಹಿಡಿದು, ಸೊಂಟದಿಂದ ಮಂಡಿಯವರೆಗೆ ಉಡುತ್ತಾರೆ. ಅದಕ್ಕೆ ಕಿಲ್ಟ್ ಎಂದು ಹೆಸರು. ಬ್ಯಾಗ್‌ಪೈಪು ಮೊಳಗುತ್ತದೆ. ಈ ವಾದ್ಯವನ್ನು ಕಾಣದವರಿಗೆ ಹೀಗೆ ಹೇಳಬಹುದು: ಗಾಳಿ ತುಂಬಿದ ತೊಗಲಿನ ಚೀಲವೊಂದು ಕಂಕುಳಲ್ಲಿ, ನಮ್ಮ ಓಲಗದಲ್ಲಿ ಒತ್ತು ಊದುವವನು ಇರುವಂತೆ ಬಿಡದೆ ಶ್ರುತಿ ಹಿಡಿಯುವುದಕ್ಕೆ ಮೂರು ಕೊಳವೆಗಳು, ರಾಗಕ್ಕೆ ಬೆರಳಾಡಿಸುವ ಕೊಳಲು ಒಂದೇ ಒಂದು. ಕೊಠಡಿಯೊಳಗೆ ಅದನ್ನು ಕೇಳುವುದು ಕಷ್ಟ. ಬೆಟ್ಟದ ಬಯಲಿಗೆಂದೇ ಹುಟ್ಟಿದ ವಾದ್ಯ ಅದು. ಪಂದ್ಯಗಳಲ್ಲಿ ಹೆಸರಾದದ್ದು ಕೇಬರ್ ಎಸೆತ. ಹತ್ತೊಂಬತ್ತು ಇಪ್ಪತ್ತು ಅಡಿ ಉದ್ದದ ಮರದ ಕಾಂಡವನ್ನು ಅಂಗೈಗಳಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಓಡಿ, ಅದರ ಮೇಲ್ತುದಿ ನೆಲಕ್ಕೆ ತಾಗಿ, ಬುಡವು ಆಕಾಶದಲ್ಲಿ ತಿರುಗಿ ಆಚೆಗೆ ಬೀಳುವಂತೆ ಎಸೆಯಬೇಕು. ಎಷ್ಟು ದೂರ ಬಿತ್ತೆಂಬುದನ್ನು ಯಾರೂ ಅಳೆಯುವುದಿಲ್ಲ. ಎಷ್ಟು ನೇರವಾಗಿ ಬಿತ್ತೆಂಬುದೊಂದೇ ಲೆಕ್ಕ. ಬಲವನ್ನು ಹೀಗೆ ಅಳೆಯುವ ಜನದ ವಿಷಯದಲ್ಲಿ ನಮಗೆ ಗೌರವ ಹುಟ್ಟದೆ ಇರದು.

ಈ ಜಾತ್ರೆ ಪುರಾತನವಾದುದೇನಲ್ಲ. 1956ನೆಯ ಇಸವಿಯ ಆಗಸ್ಟ್ 19ರಂದು ಅದು ಮೊದಲಾಯಿತು. ಆಗ್ನೆಸ್ ಮಕ್ರೇ ಮಾರ್ಟನ್ ಎಂಬ ಮಹಿಳೆಯೂ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಪತ್ರಿಕೋದ್ಯೋಗಿಯೂ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ ನಡೆಯುವ ಕೂಟವನ್ನು ಮಾದರಿಯಾಗಿಟ್ಟುಕೊಂಡು ಇದನ್ನು ಕಟ್ಟಿದರು. ಆ ದಿನವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. 1745ರ ಆಗಸ್ಟ್ 19ರಂದೇ ಸ್ಟೂಅರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಡ್ವರ್ಡನು ಗ್ಲೆನ್‌ಫಿನ್ನನ್ ಕಣಿವೆಯಲ್ಲಿ ಧ್ವಜವನ್ನೆತ್ತಿ, ಲಂಡನ್ನಿನ ಸಿಂಹಾಸನದಲ್ಲಿದ್ದ ಹ್ಯಾನೋವರ್ ವಂಶದ ದೊರೆಯ ಮೇಲೆ ಯುದ್ಧ ಹೂಡಿದ್ದನು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಾದ ಹೈಲ್ಯಾಂಡಿನ ಹಲವು ಕುಲಗಳು ಅವನ ಬೆನ್ನಿಗೆ ನಿಂತವು. ಮರುವರ್ಷ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಅವು ನುಚ್ಚುನೂರಾದವು. ತರುವಾಯ ಪಾರ್ಲಿಮೆಂಟು ಹೈಲ್ಯಾಂಡಿನವರ ಆಯುಧಗಳನ್ನು ಕಿತ್ತುಕೊಂಡಿತು. ಅವರ ಉಡುಪನ್ನೂ ನಿಷೇಧಿಸಿತು. ಆ ನಿಷೇಧ 1747ರಿಂದ 1782ರವರೆಗೆ ಜಾರಿಯಲ್ಲಿತ್ತು.

ಅಮೆರಿಕದ ಸ್ಕಾಟರು ತಮ್ಮ ಪೂರ್ವಿಕರ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ಕಲೋಡನ್ನಿನಲ್ಲಿ ಸೋತವರು, ಊರು ಬಿಟ್ಟು ಓಡಿಬಂದವರು, ದೇಶಭ್ರಷ್ಟರು ನಮ್ಮ ಅಜ್ಜಂದಿರು ಎಂಬುದು ಅವರ ಹೆಮ್ಮೆ. ಚರಿತ್ರೆ ಇಷ್ಟು ನೇರವಾಗಿಲ್ಲ. ಉತ್ತರ ಕೆರೋಲಿನಾದ ಕೇಪ್ ಫಿಯರ್ ನದಿಯ ತೀರಕ್ಕೆ ಆರ್ಗೈಲ್ ಪ್ರಾಂತದಿಂದ ಸುಮಾರು 350 ಮಂದಿ ಬಂದಿಳಿದದ್ದು 1739ರಲ್ಲಿ, ಅಂದರೆ ಕಲೋಡನ್ ಯುದ್ಧಕ್ಕೆ ಏಳು ವರ್ಷ ಮುಂಚೆ. ಆಗಿನ ಗವರ್ನರು ಗೇಬ್ರಿಯೆಲ್ ಜಾನ್‌ಸ್ಟನ್ ತಾನೂ ಸ್ಕಾಟನಾಗಿದ್ದು ತನ್ನ ನಾಡಿನವರನ್ನು ಆದರಿಸಿದನು. ಜನ ಗುಂಪುಗುಂಪಾಗಿ ಹೊರಟದ್ದು ಅದಕ್ಕೂ ಬಹಳ ಈಚೆಗೆ, 1768ರಿಂದ 1775ರವರೆಗೆ. ಆಗ ಅವರನ್ನು ಅಟ್ಟಿದ್ದು ಇಂಗ್ಲಿಷರ ಕತ್ತಿಯಲ್ಲ, ಭೂಮಿಯ ಗುತ್ತಿಗೆ. ಜಮೀನಿನ ಒಡೆಯರು ಗುತ್ತಿಗೆಯನ್ನು ಏರಿಸಿದರು, ರೈತರಿಗೆ ತೆರಲಾಗಲಿಲ್ಲ. ಆ ಒಡೆಯರಾರು? ಅನೇಕ ಕಡೆಗಳಲ್ಲಿ ಕುಲದ ನಾಯಕರೇ. ಯಾವ ಹೆಸರುಗಳನ್ನು ಬೆಟ್ಟದ ಮೇಲೆ ಪಂಜಿನ ಬೆಳಕಿನಲ್ಲಿ ಕೂಗುತ್ತಾರೆಯೋ ಆ ಹೆಸರಿನ ಯಜಮಾನರೇ ತಮ್ಮ ಕುಲದವರನ್ನು ಹಡಗು ಹತ್ತಿಸಿದರು. ಜಾತ್ರೆಯ ಬಯಲಿನಲ್ಲಿ ಈ ಮಾತು ಹೆಚ್ಚಾಗಿ ಕೇಳಿಬರುವುದಿಲ್ಲ. ಹಬ್ಬದ ದಿನ ಮನೆಯ ವ್ಯಾಜ್ಯವನ್ನು ಯಾರು ಎತ್ತುತ್ತಾರೆ?

ಹಡಗು ಹತ್ತದೆ ಉಳಿದವರಲ್ಲಿ ಅನೇಕರನ್ನು ಸರ್ಕಾರವೇ ಸೈನ್ಯಕ್ಕೆ ಸೇರಿಸಿಕೊಂಡಿತು. ನಿಷಿದ್ಧವಾಗಿದ್ದ ಉಡುಪು ಸೈನಿಕನಿಗೆ ಮಾತ್ರ ನಿಷಿದ್ಧವಾಗಿರಲಿಲ್ಲ. ನಮ್ಮ ನಾಡಿಗೂ ಆ ಉಡುಪು ಅಪರಿಚಿತವಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹತ್ತಿದ ದಂಡಿನಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ಪಟಾಲಮುಗಳಿದ್ದವು; ಲಗ್ಗೆಯ ನಾಯಕನಾದ ಡೇವಿಡ್ ಬೇರ್ಡನೂ ಸ್ಕಾಟನೇ. ಒಂದೇ ಬೆಟ್ಟನಾಡಿನ ಬಡತನವು ಕೆಲವರನ್ನು ಕೇಪ್ ಫಿಯರಿನ ದಡಕ್ಕೂ ಕೆಲವರನ್ನು ಕಾವೇರಿಯ ದಡಕ್ಕೂ ಒಯ್ದಿತು.

ಕೇಪ್ ಫಿಯರಿಗೆ ಹೋದವರಲ್ಲಿ ಫ್ಲೋರಾ ಮ್ಯಾಕ್‌ಡೊನಾಲ್ಡಳ ಹೆಸರು ಇಂಗ್ಲಿಷ್ ಓದಿದ ಶ್ರೋತೃಗಳಿಗೆ ಪರಿಚಿತವಾಗಿರಬಹುದು. ಕಲೋಡನ್ನಿನಲ್ಲಿ ಸೋತು ಅಡವಿ ದ್ವೀಪಗಳಲ್ಲಿ ತಲೆಮರೆಸಿಕೊಂಡಿದ್ದ ರಾಜಕುಮಾರನಿಗೆ ಐರಿಷ್ ದಾಸಿಯ ವೇಷ ಹಾಕಿಸಿ, ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದ ಧೀರೆ ಈಕೆ. ಆಗ ಅವಳ ವಯಸ್ಸು ಇಪ್ಪತ್ತನಾಲ್ಕು. ಅದಕ್ಕಾಗಿ ಸೆರೆಯನ್ನೂ ಕಂಡಳು. ಇಪ್ಪತ್ತೆಂಟು ವರ್ಷಗಳಾದ ಮೇಲೆ, 1774ರಲ್ಲಿ, ಗಂಡ ಆಲನ್ನನೊಡನೆ ಉತ್ತರ ಕೆರೋಲಿನಾಕ್ಕೆ ಬಂದು ನೆಲೆಸಿದಳು. ಬಂದು ಎರಡು ವರ್ಷ ತುಂಬುವುದರೊಳಗೆ ಅಮೆರಿಕನ್ನರು ಮೂರನೆಯ ಜಾರ್ಜ್ ದೊರೆಯ ಮೇಲೆ ದಂಗೆಯೆದ್ದರು. ಕಲೋಡನ್ನಿನ ನೆನಪುಳ್ಳ ಹೈಲ್ಯಾಂಡಿನವರು ಯಾರ ಕಡೆ ಸೇರಿದರೆಂದು ಊಹಿಸೋಣ. ಹ್ಯಾನೋವರ್ ದೊರೆಯ ಕಡೆಗೇ ಬಹುಮಂದಿ ಸೇರಿದರು!

ಇದು ವಿಚಿತ್ರವಾಗಿ ಕಂಡರೂ ನಿಷ್ಕಾರಣವಲ್ಲ. ಅವರು ದೊರೆಗೆ ಪ್ರಮಾಣ ಮಾಡಿಕೊಟ್ಟವರು. ಅವರ ಹೊಸ ಜಮೀನಿನ ಹಕ್ಕು ದೊರೆಯ ಹೆಸರಿನಲ್ಲಿತ್ತು. ಅವರ ಮುಖಂಡರಲ್ಲಿ ಹಲವರು ದೊರೆಯ ಸೈನ್ಯದಲ್ಲಿ ಅಧಿಕಾರಿಗಳಾಗಿದ್ದವರು. ಒಮ್ಮೆ ದಂಗೆಯೆದ್ದು ಸುಟ್ಟುಕೊಂಡ ಕೈ ಮತ್ತೆ ಬೆಂಕಿಗೆ ಚಾಚದೆ ಇದ್ದುದರಲ್ಲಿ ಆಶ್ಚರ್ಯವೇನು? 1776ರ ಫೆಬ್ರವರಿ 27ರ ಬೆಳಗಿನ ಜಾವ ಮೂರ್ಸ್ ಕ್ರೀಕ್ ಎಂಬ ಹಳ್ಳದ ಸೇತುವೆಯ ಬಳಿಗೆ ಅವರ ದಂಡು ಬಂದಿತು. ಸುಮಾರು 1,600 ಮಂದಿ. ಆಚೆಯ ದಡದಲ್ಲಿದ್ದ ಅಮೆರಿಕನ್ನರು ಸೇತುವೆಯ ಹಲಗೆಗಳನ್ನು ಕಿತ್ತು, ಉಳಿದ ತೊಲೆಗಳಿಗೆ ಸಾಬೂನನ್ನೂ ಕೊಬ್ಬನ್ನೂ ಬಳಿದು, ಫಿರಂಗಿಯನ್ನು ಸಿದ್ಧಮಾಡಿಕೊಂಡು ಕಾದಿದ್ದರು. ಮುಂಚೂಣಿಯವರು ಪೂರ್ವಿಕರ ಪದ್ಧತಿಯಂತೆ ಅಗಲಗತ್ತಿಗಳನ್ನು ಹಿರಿದು ಆ ಜಾರುವ ತೊಲೆಗಳ ಮೇಲೆ ನುಗ್ಗಿದರು. ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಅವರ ಕಡೆ ಸುಮಾರು 30 ಮಂದಿ ಬಿದ್ದರು. ಎದುರು ಕಡೆಯಲ್ಲಿ ಸತ್ತವನು ಒಬ್ಬನೇ. ನೂರಾರು ಮಂದಿ ಸೆರೆಸಿಕ್ಕರು. ಅವರಲ್ಲಿ ಫ್ಲೋರಾಳ ಗಂಡನೂ ಒಬ್ಬ. ಆಕೆ ಆಸ್ತಿಯನ್ನು ಕಳೆದುಕೊಂಡು, 1779ರಲ್ಲಿ ಸ್ಕಾಟ್ಲೆಂಡಿಗೆ ಹಿಂದಿರುಗಿ, 1790ರಲ್ಲಿ ಸ್ಕೈ ದ್ವೀಪದಲ್ಲಿ ತೀರಿಕೊಂಡಳು.

ದೊರೆಯ ವಿರುದ್ಧ ಸೋತ ಕಲೋಡನ್ನನ್ನು ಜಾತ್ರೆಯವರು ಕಣ್ಣೀರಿನಿಂದ ನೆನೆಯುತ್ತಾರೆ. ದೊರೆಯ ಪರವಾಗಿ ಸೋತ ಮೂರ್ಸ್ ಕ್ರೀಕಿನ ಬಗ್ಗೆ ಅಷ್ಟು ಮಾತಿಲ್ಲ. ಸ್ಕಾಟ್ಲೆಂಡಿನ ಧ್ವಜದ ಪಕ್ಕದಲ್ಲಿ ಅಮೆರಿಕದ ಧ್ವಜವೂ ಹಾರುತ್ತಿರುವ ಬಯಲಿನಲ್ಲಿ ಅದು ಹೇಗೆ ತಾನೆ ಹೊಂದೀತು!

ಇನ್ನು ಉಡುಪಿನ ವಿಚಾರ. ಪ್ರತಿ ಕುಲಕ್ಕೂ ತನ್ನದೇ ಆದ ಟಾರ್ಟನ್ ಉಂಟೆಂದೂ, ಅದರ ಬಣ್ಣದ ಗೆರೆಗಳನ್ನು ನೋಡಿಯೇ ಇವನು ಇಂಥ ಕುಲದವನೆಂದು ಹೇಳಬಹುದೆಂದೂ ನಂಬಿಕೆ. ಜಾತ್ರೆಯ ಡೇರೆಗಳಲ್ಲಿ ಯಾರಾದರೂ ತಮ್ಮ ಮನೆತನದ ಹೆಸರನ್ನು ಹೇಳಿದರೆ ಯಾವ ಚೌಕಳಿಯನ್ನು ಉಡಬೇಕೆಂದು ತಿಳಿಸಿಕೊಡುವವರಿದ್ದಾರೆ. ಆದರೆ ಕಲೋಡನ್ನಿನಲ್ಲಿ ಕಾದಿದವರಿಗೆ ಈ ನಿಯಮ ತಿಳಿದಿರಲಿಲ್ಲ. ನೇಕಾರನ ಕೈವಾಡ, ಊರಿನಲ್ಲಿ ದೊರೆಯುವ ಬಣ್ಣ, ಉಡುವವನ ಇಚ್ಛೆ, ಇವೇ ಆಗಿನ ನಿಯಮ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸಂಘದವರು ಕುಲನಾಯಕರಿಂದ ಬಟ್ಟೆಯ ಮಾದರಿಗಳನ್ನು ತರಿಸತೊಡಗಿದರು. ತಮ್ಮ ಟಾರ್ಟನ್ ಯಾವುದೆಂಬುದು ಕೆಲವು ನಾಯಕರಿಗೇ ಗೊತ್ತಿರಲಿಲ್ಲ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಮೆರವಣಿಗೆಯ ಸೂತ್ರಧಾರನಾಗಿ, ದೊರೆಗೇ ಕಿಲ್ಟ್ ಉಡಿಸಿದನು. ಹೈಲ್ಯಾಂಡಿನವರನ್ನು ತುಳಿದ ವಂಶದ ದೊರೆಯೇ ಅವರ ಉಡುಪಿನಲ್ಲಿ ಮೆರೆದನು! 1842ರಲ್ಲಿ ಇಬ್ಬರು ಸೋದರರು, ತಮಗೊಂದು ಪ್ರಾಚೀನ ಹಸ್ತಪ್ರತಿ ದೊರೆಯಿತೆಂದು ಹೇಳಿ, ಕುಲಗಳ ಟಾರ್ಟನ್ನುಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಹಸ್ತಪ್ರತಿ ಕೃತಕ. ಪುಸ್ತಕದಲ್ಲಿದ್ದ ಚೌಕಳಿಗಳಲ್ಲಿ ಹಲವು ಮಾತ್ರ ಇಂದಿಗೂ ಕುಲದ ಗುರುತಾಗಿ ಉಳಿದುಕೊಂಡಿವೆ.

ಇನ್ನೊಂದು ವಿನೋದವೂ ಉಂಟು. ಭಾನುವಾರ ಬೆಳಿಗ್ಗೆ ಟಾರ್ಟನ್ನುಗಳನ್ನು ದೇವರ ಮುಂದಿಟ್ಟು ಆಶೀರ್ವಾದ ಪಡೆಯುವ ಒಂದು ವಿಧಿ ಈ ಜಾತ್ರೆಯಲ್ಲಿ ನಡೆಯುತ್ತದೆ. ನಿಷೇಧದ ಕಾಲದಲ್ಲಿ ಹೈಲ್ಯಾಂಡಿನವರು ಬಟ್ಟೆಯ ತುಂಡನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಚರ್ಚಿಗೆ ಹೋಗುತ್ತಿದ್ದರೆಂದು ಅದಕ್ಕೊಂದು ಸ್ಥಳಪುರಾಣ. ವಾಸ್ತವವಾಗಿ ಇದನ್ನು ಏರ್ಪಡಿಸಿದವರು ಪೀಟರ್ ಮಾರ್ಷಲ್ ಎಂಬ ಪಾದ್ರಿಗಳು. ಏರ್ಪಡಿಸಿದ ಸ್ಥಳ ವಾಷಿಂಗ್ಟನ್ ನಗರ. ಕಾಲ ಎರಡನೆಯ ಮಹಾಯುದ್ಧದ ವರ್ಷಗಳು.

ಇಷ್ಟನ್ನೂ ಕೇಳಿದ ಮೇಲೆ ಕೆಲವು ಶ್ರೋತೃಗಳು ನಕ್ಕುಬಿಡಬಹುದು. ನಾವು ಹಾಗೆ ನಗಲಾರೆವು. ನಮ್ಮ ಧರ್ಮಶಾಸ್ತ್ರಕಾರರು ಆಸ್ತಿಯಲ್ಲಿ ಪಿತ್ರಾರ್ಜಿತವೆಂದೂ ಸ್ವಯಾರ್ಜಿತವೆಂದೂ ಎರಡು ಬಗೆ ಮಾಡಿದ್ದಾರೆ. ಬೆಟ್ಟದ ಮೇಲೆ ಪಿತ್ರಾರ್ಜಿತವೆಂದು ಮೆರೆಯುತ್ತಿರುವುದರಲ್ಲಿ ಬಹುಭಾಗ ಸ್ವಯಾರ್ಜಿತ. ಸ್ವಯಾರ್ಜಿತವೇನು ಕೀಳಲ್ಲ, ದುಡಿದು ಗಳಿಸಿದ್ದು ಅದೇ ಅಲ್ಲವೆ? ಕೊಳಲು ಕಲಿಯುವುದಕ್ಕೆ ಒಬ್ಬ ಹುಡುಗಿ ವರ್ಷಗಟ್ಟಲೆ ಉಸಿರು ಸವೆಸಿದ್ದರೆ ಆ ವಿದ್ಯೆ ಅವಳದು. ಅವಳ ಮುತ್ತಜ್ಜ ಊದುತ್ತಿದ್ದನೋ ಇಲ್ಲವೋ, ಅದರಿಂದ ಒಂದು ಸ್ವರವೂ ಕೆಡುವುದಿಲ್ಲ. ನಮ್ಮ ಆಕ್ಷೇಪಣೆ ಬೇರೆ. ಸ್ವಯಾರ್ಜಿತವನ್ನು ಪಿತ್ರಾರ್ಜಿತವೆಂದು ಕರೆಯುವ ಭರದಲ್ಲಿ, ನಿಜವಾಗಿ ಪಿತ್ರಾರ್ಜಿತವಾಗಿದ್ದುದು ಎಲ್ಲಿ ಹೋಯಿತೆಂದು ಕೇಳುವವರು ಕಡಮೆಯಾದರು.

ಅದು ಅವರ ಭಾಷೆ. ಕೇಪ್ ಫಿಯರಿಗೆ ಬಂದ ಜನ ಇಂಗ್ಲಿಷನ್ನು ಆಡುತ್ತಿರಲಿಲ್ಲ. ಅವರ ಮನೆಯ ಮಾತು ಗೇಲಿಕ್. ಜೇಮ್ಸ್ ಕ್ಯಾಂಬೆಲ್ ಎಂಬ ಪಾದ್ರಿಗಳು 1758ರಿಂದ ಅವರಿಗೆ ಗೇಲಿಕ್ಕಿನಲ್ಲಿ ಧರ್ಮೋಪದೇಶ ಮಾಡುತ್ತಿದ್ದರು. 1791ರಲ್ಲಿ ಅಲ್ಲಿನ ಫೇಯಟ್‌ವಿಲ್ ಪಟ್ಟಣದಲ್ಲಿ ಗೇಲಿಕ್ ಉಪದೇಶಗಳ ಪುಸ್ತಕವೊಂದು ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಆ ಭಾಷೆ ಚರ್ಚುಗಳಲ್ಲಿ ಉಸಿರಾಡಿತು. ಬಳಿಕ ಅಂತರ್ಯುದ್ಧ ಬಂದಿತು, ಶಾಲೆ ಬಂದಿತು, ರೈಲು ಬಂದಿತು. ಅದನ್ನು ಯಾವ ಪಾರ್ಲಿಮೆಂಟೂ ಅಲ್ಲಿ ನಿಷೇಧಿಸಲಿಲ್ಲ. ತಾಯಂದಿರು ಮಕ್ಕಳೊಡನೆ ಆಡುವುದನ್ನು ಬಿಟ್ಟರು, ಅಷ್ಟೇ. ನಿಷೇಧಿಸಿದ ಬಟ್ಟೆ ಉಳಿಯಿತು. ಯಾರೂ ನಿಷೇಧಿಸದ ಮಾತು ಹೋಯಿತು.

ಆ ಮಾತಿಗೆ ಬೇರೆ ವಾರಸುದಾರರೂ ಇದ್ದರು. ಹೈಲ್ಯಾಂಡಿನವರು ತಮ್ಮ ಹೊಸ ನೆಲದಲ್ಲಿ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡರು. ಒಡೆಯರ ಹೊಲದಲ್ಲೂ ಅಡುಗೆಮನೆಯಲ್ಲೂ ದುಡಿದು, ಒಡೆಯರ ಚರ್ಚಿನಲ್ಲಿಯೇ ಪ್ರಾರ್ಥನೆ ಮಾಡಿದ ಆ ಜನರಲ್ಲಿ ಹಲವರು ಗೇಲಿಕ್ ಕಲಿತರು. ಅಲ್ಲಿನವರು ಹೇಳಿಕೊಂಡು ಬಂದ ಒಂದು ಕಥೆಯುಂಟು. ಸ್ಕಾಟ್ಲೆಂಡಿನಿಂದ ಹೊಸದಾಗಿ ಬಂದ ಹೆಂಗಸೊಬ್ಬಳು ವಿಲ್ಮಿಂಗ್ಟನ್ ರೇವಿನಲ್ಲಿ ಹಡಗಿನಿಂದ ಇಳಿಯುತ್ತಿರಲು, ತನ್ನ ಊರಿನ ಮಾತೇ ಕಿವಿಗೆ ಬಿದ್ದಿತಂತೆ. ಆನಂದದಿಂದ ತಿರುಗಿ ನೋಡಿದರೆ, ಮಾತನಾಡುತ್ತಿದ್ದವರು ಇಬ್ಬರು ಕಪ್ಪು ಮನುಷ್ಯರು. ಈ ದೇಶದ ಬಿಸಿಲಿಗೆ ಕೆಲವು ವರ್ಷಗಳಲ್ಲಿ ನಮ್ಮವರೂ ಹೀಗೆ ಆಗಿಬಿಡುತ್ತಾರೆಂದು ಆಕೆ ಹೌಹಾರಿದಳಂತೆ. ಕಥೆ ನಡೆದದ್ದೋ ಕಟ್ಟಿದ್ದೋ, ಹೇಳುವವರು ನಗುವುದಕ್ಕಾಗಿ ಹೇಳುತ್ತಾರೆ. ಆ ಇಬ್ಬರು ಯಾರ ಮಕ್ಕಳು, ಯಾರ ಸ್ವತ್ತಾಗಿದ್ದರು, ತಮ್ಮ ತಾಯಿಮಾತನ್ನು ಎಲ್ಲಿ ಕಳೆದುಕೊಂಡು ಈ ಮಾತನ್ನು ಹಿಡಿದರೆಂಬುದು ಕಥೆಯಲ್ಲಿಲ್ಲ. ಮ್ಯಾಕ್‌ನೀಲ್, ಕ್ಯಾಂಬೆಲ್ ಎಂಬ ಹೆಸರುಗಳನ್ನು ಹೊತ್ತ ಕಪ್ಪು ಕುಟುಂಬಗಳು ಇಂದಿಗೂ ಆ ಸೀಮೆಯಲ್ಲಿವೆ. ಲೆಕ್ಕ ಹಿಡಿದರೆ ಅವರೂ ದಾಯಾದಿಗಳೇ.

ಅದೇ ವಿಲ್ಮಿಂಗ್ಟನ್ನಿನಲ್ಲಿ 1898ರ ನವೆಂಬರ್ 10ರಂದು ಬಿಳಿಯರ ಗುಂಪೊಂದು, ಕಪ್ಪು ಸದಸ್ಯರೂ ಇದ್ದ ಪುರಸಭೆಯನ್ನು ಆಯುಧಬಲದಿಂದ ಉರುಳಿಸಿ, ಅನೇಕ ಕಪ್ಪು ಜನರನ್ನು ಕೊಂದಿತು. ಆ ಸಂಚಿನ ಮುಂದಾಳುಗಳಲ್ಲಿ ಹ್ಯೂ ಮಕ್ರೇ ಎಂಬ ಶ್ರೀಮಂತನೊಬ್ಬ. ಜಾತ್ರೆಯನ್ನು ಕಟ್ಟಿದ ಆಗ್ನೆಸ್ ಮಾರ್ಟನ್ ಅವನ ಮಗಳು. ತಂದೆಯ ಕೃತ್ಯವನ್ನು ಮಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾವು ಕಟ್ಟುವುದೂ ಇಲ್ಲ. ವಿಲ್ಮಿಂಗ್ಟನ್ನಿನ ಉದ್ಯಾನವೊಂದಕ್ಕೆ ಇದ್ದ ಆತನ ಹೆಸರನ್ನು 2020ರಲ್ಲಿ ತೆಗೆದುಹಾಕಿದರು.

ಪಂಜಿನ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಉರಿಯುವ ಶಿಲುಬೆಯನ್ನು ಊರಿಂದೂರಿಗೆ ಒಯ್ದು ಕುಲವನ್ನು ಯುದ್ಧಕ್ಕೆ ಕರೆಯುವ ಹೈಲ್ಯಾಂಡ್ ಪದ್ಧತಿಯನ್ನು ವಾಲ್ಟರ್ ಸ್ಕಾಟನು 1810ರ ತನ್ನ ಕಾವ್ಯದಲ್ಲಿ ವರ್ಣಿಸಿದನು. ಉತ್ತರ ಕೆರೋಲಿನಾದವನೇ ಆದ ತಾಮಸ್ ಡಿಕ್ಸನ್ ಅದನ್ನು 1905ರ ತನ್ನ ಕಾದಂಬರಿಗೆ ಎಳೆದುತಂದು, ಕಪ್ಪು ಜನರನ್ನು ಹಿಂಸಿಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಕೂಟಕ್ಕೆ ತಗುಲಿಸಿದನು. ಆ ಕಾದಂಬರಿ 1915ರಲ್ಲಿ ಚಲಚ್ಚಿತ್ರವಾಯಿತು. ಅದೇ ವರ್ಷ ಜಾರ್ಜಿಯಾದ ಬೆಟ್ಟವೊಂದರ ಮೇಲೆ ಆ ಕೂಟದ ಹೊಸ ಅವತಾರ ಶಿಲುಬೆಗೆ ಬೆಂಕಿಯಿಟ್ಟಿತು. ಹಳೆಯ ಕೂಟಕ್ಕೆ ಆ ಅಭ್ಯಾಸವೇ ಇರಲಿಲ್ಲ. ಅದು ಕಾದಂಬರಿಯಿಂದ ಕಲಿತದ್ದು. ಅಜ್ಜನ ಬೆಟ್ಟದ ಪಂಜಿಗೂ ಆ ಬೆಂಕಿಗೂ ಸಂಬಂಧ ಕಲ್ಪಿಸಿದರೆ ಅನ್ಯಾಯವಾದೀತು. ಆದರೆ ಆ ಸೀಮೆಯ ಕಪ್ಪು ಮುದುಕನೊಬ್ಬನು ಕತ್ತಲಲ್ಲಿ ಬೆಟ್ಟದ ಮೇಲೆ ಉರಿಯುವ ಪಂಜುಗಳನ್ನು ದೂರದಿಂದ ಕಂಡರೆ ಅವನಿಗೆ ಮೊದಲು ನೆನಪಾಗುವುದು ಗ್ಲೆನ್‌ಫಿನ್ನನ್ ಆಗಿರಲಾರದು.

ಹಾಗೆಂದು ಎಲ್ಲವೂ ನಷ್ಟವೆಂದು ತಿಳಿಯಬೇಕಾಗಿಲ್ಲ. ಗೇಲಿಕ್ಕನ್ನು ಮತ್ತೆ ಕಲಿಯುವ ಅಮೆರಿಕನ್ನರಿದ್ದಾರೆ. ಅಜ್ಜನ ಬೆಟ್ಟಕ್ಕೆ ಹತ್ತಿರದ ಬ್ಯಾನರ್ ಎಲ್ಕ್ ಎಂಬ ಊರಿನ ಕಾಲೇಜಿನಲ್ಲಿ, ಜಾತ್ರೆಯ ಆಸುಪಾಸಿನಲ್ಲಿ, ಗೇಲಿಕ್ ಹಾಡಿಗೂ ಮಾತಿಗೂ ಒಂದು ವಾರದ ಪಾಠ ಅನೇಕ ವರ್ಷ ನಡೆದಿದೆ. ಕಲಿಯುವವರ ಸಂಖ್ಯೆ ಸಣ್ಣದು. ಕೇಬರ್ ಎಸೆತಕ್ಕೆ ಸೇರುವ ಜನ ವ್ಯಾಕರಣಕ್ಕೆ ಸೇರುವುದು ಯಾವ ದೇಶದಲ್ಲಿ ಉಂಟು? ಇನ್ನೊಂದೆಡೆ, 1899ರಲ್ಲಿ ಸ್ಕಾಟ್ಲೆಂಡ್ ಎಂದೇ ನಾಮಕರಣವಾದ ಜಿಲ್ಲೆಯ ಲಾರಿನ್‌ಬರ್ಗ್ ಪಟ್ಟಣದಲ್ಲಿ, ಫ್ಲೋರಾಳ ಹೆಸರಿನಲ್ಲಿದ್ದ ಹೆಣ್ಣುಮಕ್ಕಳ ಕಾಲೇಜನ್ನು ಒಳಗೊಂಡು 1961ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ವಿದ್ಯಾಲಯ, ಬ್ಯಾಗ್‌ಪೈಪು ಮೇಳದಿಂದ ಹೆಸರು ಪಡೆದಿದ್ದರೂ, 2025ರಲ್ಲಿ ಮುಚ್ಚಿಹೋಯಿತು.

ಜಾತ್ರೆ ನಡೆಯುವ ಬೆಟ್ಟದಲ್ಲಿ ಆ ಮೊದಲ ಹೈಲ್ಯಾಂಡಿನವರು ನೆಲೆಸಿದವರಲ್ಲವೆಂಬುದನ್ನೂ ಹೇಳಿಬಿಡಬೇಕು. ಅವರು ನೆಲೆಸಿದ್ದು ಪೂರ್ವದ ಮರಳುನೆಲದಲ್ಲಿ, ಉದ್ದನೆಯ ಎಲೆಗಳ ಪೈನ್ ಮರಗಳ ಕಾಡಿನಲ್ಲಿ. ಅಲ್ಲಿ ಲಾಂಗ್‌ಸ್ಟ್ರೀಟ್ ಎಂಬ ಹಳೆಯ ಚರ್ಚು ಒಂದಿದೆ. ಜೇಮ್ಸ್ ಕ್ಯಾಂಬೆಲ್ಲರ ಸಭೆಗಳಲ್ಲಿ ಅದೂ ಒಂದು. ಗೇಲಿಕ್ ಉಪದೇಶವನ್ನು ಬಿಳಿಯರೂ ಕಪ್ಪು ಜನರೂ ಕೇಳಿದ ಕಾಲ ಆ ಸಭೆಗಳದು. 1918ರಲ್ಲಿ ಅಮೆರಿಕದ ಸರ್ಕಾರ ಸುತ್ತಲಿನ ನೆಲವನ್ನು ಫಿರಂಗಿ ಅಭ್ಯಾಸದ ದಂಡಿನ ಪಾಳೆಯಕ್ಕಾಗಿ ತೆಗೆದುಕೊಂಡಿತು. ಊರಿನವರು ಚದರಿಹೋದರು. ಮರದ ಕಟ್ಟಡವೂ ಅದರ ಪಕ್ಕದ ಸಮಾಧಿಗಳೂ ಪಾಳೆಯದ ಎಲ್ಲೆಯೊಳಗೆ ಹಾಗೆಯೇ ನಿಂತಿವೆ. ವಾರವಾರದ ಪ್ರಾರ್ಥನೆ ಅಲ್ಲಿಲ್ಲ. ಆ ಸಭೆಯ ಸಂತತಿಯವರು ವರ್ಷಕ್ಕೊಮ್ಮೆ ಅಲ್ಲಿ ಕೂಡುವ ವಾಡಿಕೆ ಮಾತ್ರ ಉಂಟು.